ಮೆಸ್ಸಿನ ಖಾಲಿ ಮೇಜು



ನಮ್ಮ ಬಾಳ್ಳುಪೇಟೆ ಕಡೆಯ ಕಾಫಿ ತೋಟದ ಲೈನ್ ಮನೆಯಲ್ಲಿ ಹುಟ್ಟಿದವನಿಗೆ ಒಂಟಿತನ ಅಂದರೆ ಏನೂಂತ ಗೊತ್ತಿರಲ್ಲ. ಒಂದೇ ಕೋಣೆ. ಅಪ್ಪ, ಅವ್ವ, ಅಜ್ಜಿ, ಮೂರು ಮಕ್ಕಳು. ಮಳೆಗಾಲದಲ್ಲಿ ಕೋಳಿಗೂ ಅಲ್ಲೇ ಜಾಗ. ಅಂಥ ಮನೆಯಿಂದ ನಾನು ಯೂನಿವರ್ಸಿಟಿ ಹಾಸ್ಟೆಲಿಗೆ ಹೋದೆ. ಪಕ್ಕದ ಮಂಚದವನು ಮೊದಲ ದಿನ ಊರು ಕೇಳಿದ, ಅಪ್ಪನ ಹೆಸರು ಕೇಳಿದ, ಸೀಟು ಯಾವ ಕೋಟಾದಲ್ಲಿ ಸಿಕ್ತು ಅಂತ ಕೇಳಿದ. ಆಮೇಲೆ ಏನೂ ಕೇಳಲಿಲ್ಲ. ವಾರದೊಳಗೆ ರೂಮು ಬದಲಾಯಿಸಿಕೊಂಡ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಮೆಸ್ಸಿನಲ್ಲಿ ನಾನು ಕೂತ ಮೇಜು ಮಾತ್ರ ಖಾಲಿ. ರಾತ್ರಿ ನಿದ್ದೆ ಇಲ್ಲ, ಓದಿದ್ದು ತಲೆಗೆ ಹತ್ತದು. ಅವ್ವ ಫೋನಿನಲ್ಲಿ 'ಉಂಡ್ಯಾ ಮಗ?' ಅಂದರೆ 'ಉಂಡೆ ಕಣವ್ವ' ಅನ್ನುತ್ತಿದ್ದೆ. ಇನ್ನೇನು ಹೇಳಲಿ?

ಒಂಟಿತನ ಈಗ ಲೋಕಕ್ಕೇ ಬಂದ ಕಾಯಿಲೆಯಂತೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಅದಕ್ಕಂತಲೇ ಮಂತ್ರಿಯನ್ನು ನೇಮಿಸಿದವು. ಇರಲಿ. ನಮ್ಮದು ಬರೀ ಊರು ಬಿಟ್ಟ ಬೇಸರವಲ್ಲ. ಬಾಬಾಸಾಹೇಬರು 1913ರಲ್ಲಿ ನ್ಯೂಯಾರ್ಕಿಗೆ ಓದಲು ಹೋದರು. ಪರದೇಶ, ಪರಭಾಷೆ, ಆದರೂ ಅಲ್ಲಿ ತಾನು ಅಸ್ಪೃಶ್ಯ ಅನ್ನೋದೇ ಮರೆತು ಹೋಗಿತ್ತು. 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಬಂದರೆ ಇರಲು ಜಾಗವಿಲ್ಲ. ಹೆಸರು ಮರೆಸಿಕೊಂಡು ಪಾರ್ಸಿ ಛತ್ರವೊಂದರ ಮಾಳಿಗೆಯ ಕತ್ತಲಲ್ಲಿ, ಲಾಟೀನಿನ ಮುಂದೆ, ಒಬ್ಬರೇ ಪುಸ್ತಕ ಹಿಡಿದು ಕೂತರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಖಾಲಿ ಮಾಡಿಸಿದರು.

ಸುಮಾರು ನೂರು ವರ್ಷದ ಮೇಲೆ, ಹೈದರಾಬಾದ್ ವಿಶ್ವವಿದ್ಯಾಲಯ ರೋಹಿತ್ ವೇಮುಲ ಮತ್ತು ನಾಲ್ವರು ಗೆಳೆಯರನ್ನು ಹಾಸ್ಟೆಲಿನಿಂದ ಹೊರಹಾಕಿತು. ಅವರು ಬಯಲಲ್ಲಿ ಟೆಂಟು ಕಟ್ಟಿ ಅದಕ್ಕೆ ವೆಲಿವಾಡ, ಅಂದರೆ ಹೊರಗೇರಿ, ಅಂತ ಹೆಸರಿಟ್ಟರು. 2016ರ ಜನವರಿ 17ರಂದು ರೋಹಿತ್ ನಮ್ಮನ್ನು ಬಿಟ್ಟುಹೋದ. ಹುಡುಗನ ಮನಸ್ಸು ಗಟ್ಟಿ ಇರಲಿಲ್ಲ ಅಂದವರುಂಟು. ಹೊರಗಿಟ್ಟವರ ಮನಸ್ಸನ್ನು ಯಾವ ಡಾಕ್ಟರು ನೋಡಿದ?

ಹಾಗಂತ ಡಾಕ್ಟರು ಬೇಡ ಅನ್ನುತ್ತಿಲ್ಲ. ಹೋರಾಟ ಮಾಡೋನು ಅಳಬಾರದು ಅನ್ನೋ ಕೆಟ್ಟ ಚಾಳಿ ನಮ್ಮಲ್ಲೂ ಇದೆ. ವಾರಗಟ್ಟಲೆ ನಿದ್ದೆ ಕೆಟ್ಟರೆ, ಸಾಯೋ ಯೋಚನೆ ಬಂದರೆ, ಅದು ಹೇಡಿತನವಲ್ಲ. ಜ್ವರದ ಹಾಗೆ ಮದ್ದಿರುವ ಕಾಯಿಲೆ. 14416ಕ್ಕೆ ಫೋನ್ ಮಾಡಿ. 2022ರಲ್ಲಿ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಅದು. ದುಡ್ಡು ಕೊಡಬೇಕಿಲ್ಲ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮದ್ದಿನಿಂದ ನಿದ್ದೆ ಬಂದೀತು. ಮೆಸ್ಸಿನ ಮೇಜು ತುಂಬುವುದಿಲ್ಲ. ಅದನ್ನು ಹಾಸ್ಟೆಲಿನಲ್ಲಿ ಮುಂಚೆ ಬಂದವರೇ ತುಂಬಬೇಕು.

ನನಗೆ ಎರಡನೇ ತಿಂಗಳಲ್ಲಿ ಆಲೂರು ಕಡೆಯ ಸೀನಿಯರ್ ಒಬ್ಬ ಸಿಕ್ಕಿದ. ತಟ್ಟೆ ತಂದು ಎದುರಿಗೆ ಕೂತು 'ಯಾವೂರ್ಲಾ?' ಅಂದ. ಬಾಳ್ಳುಪೇಟೆ ಅಂದೆ. 'ಹಂಗಾದ್ರೆ ಉಪ್ಪಿನಕಾಯಿ ತಂದಿರ್ತೀಯ, ತೆಗಿ' ಅಂದ.