ಸರಾಸರಿಯ ಮೋಸ

"ಆಟದ ವಿಮಾನಕ್ಕೆ ಇದು ಸಾಲದೇ ಸಾರ್?" ಎಂದು ಅಂಗಡಿಯಾತ ನಕ್ಕಾಗ ನನ್ನೊಳಗಿನ ಅಧ್ಯಾಪಕ ಎಚ್ಚೆತ್ತ. ಮೊಮ್ಮಗನ ರೇಡಿಯೋ ನಿಯಂತ್ರಿತ ವಿಮಾನಕ್ಕೆ ಚಾರ್ಜರ್ ಕೊಳ್ಳಲು ಹೋಗಿದ್ದೆವು. ಅಂಗಡಿಯಾತ ತೋರಿಸಿದ ಅಗ್ಗದ ಚಾರ್ಜರಿಗೆ ಎರಡೇ ತಂತಿ. ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ಅಳೆದು ಸಮಗೊಳಿಸುವ 'ಬ್ಯಾಲೆನ್ಸ್' ವ್ಯವಸ್ಥೆಯೇ ಇರಲಿಲ್ಲ.

ಮೂರು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ ಪೂರ್ತಿ ತುಂಬಿದಾಗ ಸೆಲ್ಲಿಗೆ 4.2ರಂತೆ ಒಟ್ಟು 12.6 ವೋಲ್ಟ್. ಎರಡು ಸೆಲ್ಲುಗಳು 4.1ರಲ್ಲೇ ನಿಂತು ಮೂರನೆಯದು 4.4ಕ್ಕೆ ಏರಿದರೂ ಮೊತ್ತ ಅದೇ 12.6! ಮೊತ್ತವನ್ನಷ್ಟೇ ಬಲ್ಲ ಚಾರ್ಜರಿಗೆ ಎಲ್ಲವೂ ಕ್ಷೇಮ. ಮಿತಿ ಮೀರಿದ ಆ ಸೆಲ್ ಮಾತ್ರ ಉಬ್ಬಬಹುದು, ಹೊತ್ತಿಕೊಳ್ಳಲೂಬಹುದು. ತರಗತಿಯ ಸರಾಸರಿ ನೋಡಿ ಹಿಗ್ಗಿ, ಹಿಂದಿನ ಬೆಂಚಿನ ಹುಡುಗನನ್ನು ಮರೆತ ತಪ್ಪನ್ನು ನಾನೂ ಮಾಡಿದ್ದೇನೆ.

ಅಗ್ಗವನ್ನು ನಾನು ನಿಂದಿಸುತ್ತಿಲ್ಲ. ಪಿಂಚಣಿದಾರನಿಗೆ ಆ ಅಧಿಕಾರವೂ ಇಲ್ಲ. ಬಣ್ಣದ ಪರದೆಯನ್ನು ಬಿಡಿ, ಅತಿವೇಗವನ್ನು ಬಿಡಿ. 2200 ಎಂಎಎಚ್ ಬ್ಯಾಟರಿಗೆ 2.2 ಆಂಪಿಯರ್ ಧಾರಾಳ ಸಾಕು. ಆದರೆ ಬ್ಯಾಲೆನ್ಸ್ ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಒಯ್ಯಬೇಡಿ. ಒಳ್ಳೆಯದನ್ನು ಕೊಂಡ ಮೇಲೂ ಚಾರ್ಜಿಗೆ ಹಾಕಿ ಮಲಗಬೇಡಿ. ಮಕ್ಕಳಿರುವ ಮನೆಯಲ್ಲಿ ಬೆಂಕಿ ಹೊತ್ತಿದರೆ, ಅದು ಆಟದ ಸಾಮಾನಿನದೆಂಬ ವಿನಾಯಿತಿ ಯಾರಿಗೂ ಸಿಗುವುದಿಲ್ಲ.