ವಿದ್ಯಾರ್ಥಿಗಳ ಹಕ್ಕೂ ಶಾಲೆಯ ಬಾಗಿಲೂ

ಸ್ಮರಣ ಸಂಚಿಕೆಯಲ್ಲಿ ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ನಿಧಿಯನ್ನೂ ಕುರಿತು ನಾಲ್ಕು ಮಾತು ಬರೆಯುವದು ಮುಖ್ಯೋಪಾಧ್ಯಾಯಿನಿಯಾದವರ ವಾಡಿಕೆ. ಆ ವಿವರಗಳೆಲ್ಲ ವರದಿಯಲ್ಲಿ ಬಂದಿರುವದರಿಂದ ಈ ಸಾರಿ ನಾವು ಬೇರೊಂದು ವಿಷಯವನ್ನು ತಮ್ಮ ಮುಂದೆ ಇಡಲು ಬಯಸುತ್ತೇವೆ. ವಿದ್ಯಾರ್ಥಿಗಳು ತಮ್ಮ ಹಕ್ಕಿಗಾಗಿ ಅಥವಾ ಪರರ ಹಕ್ಕಿಗಾಗಿ ಬಾಯ್ದೆರೆಯುವದು ಯುಕ್ತವೋ ಅಲ್ಲವೋ ಎಂಬುದೇ ಆ ವಿಷಯ. ಕಳೆದ ಹತ್ತಿಯ ಸುಗ್ಗಿಯಲ್ಲಿ ನಮ್ಮ ಅಂಗಳದಲ್ಲಿಯೇ ಈ ಪ್ರಶ್ನೆ ಎದ್ದಿತು. ಕೆಲವರು ಪೋಷಕರು ನಮ್ಮ ಕೋಣೆಗೆ ಬಂದು ಕೇಳಿದರು. ಕೆಲವರು ಕೇಳದೆಯೇ ಊರಲ್ಲಿ ಆಡಿಕೊಂಡರು. ಇಬ್ಬರಿಗೂ ಉತ್ತರ ಕೊಡುವದು ನಮ್ಮ ಕರ್ತವ್ಯ.

ನಡೆದ ಸಂಗತಿ ಇಷ್ಟು. ಒಂಬತ್ತನೆಯ ತರಗತಿಯ ಒಬ್ಬ ಬಾಲಿಕೆಯ ತಂದೆತಾಯಿಗಳು ಕೂಲಿಗೆಂದು ಬೆಂಗಳೂರಿಗೆ ಹೋದರು. ಕೂಸನ್ನು ನೋಡಿಕೊಳ್ಳಲು ಮಗಳನ್ನೂ ಕರೆದೊಯ್ದರು. ಎರಡು ತಿಂಗಳು ಹಾಜರಿ ಇಲ್ಲದ್ದರಿಂದ ನಾವು ಅವಳ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆದೆವು. ಅವಳು ತಿರುಗಿ ಬಂದು ಬಾಗಿಲಲ್ಲಿ ನಿಂತಾಗ, ಮುಂದಿನ ವರ್ಷ ನೋಡೋಣವೆಂದು ಹೇಳಿ ಕಳುಹಿಸಿದೆವು. ಮರುದಿನ ಪ್ರಾರ್ಥನೆಯ ಗಂಟೆಯಾದ ಮೇಲೆ ಅದೇ ತರಗತಿಯ ಒಂಬತ್ತು ಮಂದಿ ಹುಡುಗಿಯರು ಒಳಗೆ ಬಾರದೆ ಬೇವಿನ ಮರದ ಕೆಳಗೆ ಕುಳಿತುಬಿಟ್ಟರು. ಕೈಯಲ್ಲಿ ಒಂದು ಅರಿಕೆ ಪತ್ರವಿತ್ತು. ನಾವು ಪತ್ರವನ್ನು ಇಸಕೊಂಡು ಮೇಜಿನ ಮೇಲಿಟ್ಟು, ಓದದೆಯೇ, ತಂದೆತಾಯಿಗಳನ್ನು ಕರೆತರುವ ತನಕ ಶಾಲೆಗೆ ಬರಬಾರದೆಂದು ಅವರಿಗೆ ಅಪ್ಪಣೆ ಮಾಡಿದೆವು. ಶಿಸ್ತನ್ನು ಕಾಪಾಡಿದೆವೆಂಬ ಸಮಾಧಾನವೂ ಆ ಹೊತ್ತಿಗೆ ನಮಗಿತ್ತು.

ಸಾಯಂಕಾಲ ಒಬ್ಬರೇ ಕುಳಿತಿರುವಾಗ ಆ ಪತ್ರವನ್ನು ಓದಿದೆವು. ಅದರಲ್ಲಿ ಒಂದು ಒರಟು ಮಾತೂ ಇರಲಿಲ್ಲ. ತಮ್ಮ ಗೆಳತಿ ಎಷ್ಟು ದಿನ ಬರಲಿಲ್ಲವೆಂಬುದನ್ನು ಶಾಲೆ ಎಣಿಸಿದೆ, ಯಾಕೆ ಬರಲಿಲ್ಲವೆಂಬುದನ್ನು ಯಾರೂ ಕೇಳಲಿಲ್ಲ ಎಂಬುದಷ್ಟೇ ಅವರ ದೂರು. ಅದನ್ನು ಓದುತ್ತಿರುವಾಗ, ನಾವು ಪಾಠ ಹೇಳುವಾಗ ವರುಷ ವರುಷವೂ ವಿವರಿಸುವ ಒಂದು ಪ್ರಸಂಗ ನೆನಪಿಗೆ ಬಂತು. ಅದು ನಮ್ಮ ಸಗರನಾಡಿನ ಹಿರಿಯರು ಬಲ್ಲ ಸಂಗತಿಯೇ; ಆದರೂ ತರುಣ ಓದುಗರಿಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಯಾದಗಿರಿ, ಶಹಾಪುರ, ಸುರಪುರಗಳು 1948ರ ವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಈ ಕಡೆಯ ಹುಡುಗನು ಕಾಲೇಜಿನ ವಿದ್ಯೆಯನ್ನು ಬಯಸಿದರೆ ಬಂಡಿಯಲ್ಲಿ ಭೀಮಾ ನದಿಯನ್ನು ದಾಟಿ ಯಾದಗಿರಿಯ ರೈಲು ನಿಲ್ದಾಣಕ್ಕೆ ಬಂದು, ಅಲ್ಲಿಂದ ಗುಲಬರ್ಗೆಗೋ ಹೈದರಾಬಾದಿಗೋ ಹೋಗಬೇಕಾಗಿತ್ತು. ಹೈದರಾಬಾದಿನಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಇಂಗ್ಲಿಷಿನ ಬದಲು ಉರ್ದುವಿನಲ್ಲಿ ವೈದ್ಯಶಾಸ್ತ್ರ, ವಿಜ್ಞಾನ ಮುಂತಾದವುಗಳನ್ನು ಕಲಿಸಿದ ಆ ಸಾಹಸವು ಪ್ರಶಂಸನೀಯವೇ. ಆದರೆ ಕನ್ನಡ, ತೆಲುಗು, ಮರಾಠಿ ಮನೆಮಾತಿನ ಮಕ್ಕಳಿಗೆ ಅದು ಮತ್ತೊಂದು ಪರಭಾಷೆಯೇ ಆಗಿತ್ತು. ಮೇಲಾಗಿ ಸಂಸ್ಥಾನದಲ್ಲಿ ಗಷ್ಟಿ ನಿಶಾನ್ 53 ಎಂಬ ಸುತ್ತೋಲೆಯಿಂದಾಗಿ ಅಪ್ಪಣೆಯಿಲ್ಲದೆ ಸಭೆ ಕೂಡುವದೂ ಕಷ್ಟವಾಗಿತ್ತು. ಮಾತನಾಡಲು ಸ್ಥಳವಿಲ್ಲದ ನಾಡಿನಲ್ಲಿ ವಿಶ್ವವಿದ್ಯಾಲಯದ ವಸತಿಗೃಹವು ತರುಣರಿಗೆ ಉಸಿರಾಡುವ ಸ್ಥಳವಾಯಿತೆಂದರೆ ಆಶ್ಚರ್ಯವಿಲ್ಲ.

1938ರಲ್ಲಿ ಸಂಸ್ಥಾನದೊಳಗೆ ಬಹಳ ಕಳವಳವಿತ್ತು. ಜವಾಬ್ದಾರಿ ಸರಕಾರವನ್ನು ಬೇಡುವ ಸ್ಟೇಟ್ ಕಾಂಗ್ರೆಸ್ಸಿಗೆ ಹುಟ್ಟುವ ಮೊದಲೇ ನಿಷೇಧ ಬಂದಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಸತ್ಯಾಗ್ರಹ ಆರಂಭವಾಯಿತು. ಸಿಂದಗಿಯಲ್ಲಿ ಹುಟ್ಟಿ, ಹೈದರಾಬಾದು ನಾಡಿನ ಶಾಲೆಗಳಲ್ಲಿ ಉಪಾಧ್ಯಾಯರಾಗಿ ದುಡಿದ ಸ್ವಾಮಿ ರಾಮಾನಂದ ತೀರ್ಥರು ಆ ಚಳವಳಿಯ ಮುಂದಾಳುಗಳಾದರು. ಇದೇ ಕಾಲದಲ್ಲಿ ಉಸ್ಮಾನಿಯಾ ವಸತಿಗೃಹದ ವಿದ್ಯಾರ್ಥಿಗಳು ತಮ್ಮ ಪ್ರಾರ್ಥನೆಯ ಕೋಣೆಯಲ್ಲಿ ‘ವಂದೇ ಮಾತರಂ’ ಹಾಡುತ್ತಿದ್ದರು. ಅಧಿಕಾರಿಗಳು ಅದು ರಾಜಕೀಯದ ಹಾಡೆಂದೂ, ಅನ್ಯರ ಮನಸ್ಸಿಗೆ ನೋವಾಗುವದೆಂದೂ ಹೇಳಿ ನಿಷೇಧಿಸಿದರು. ಇದು ನಮ್ಮ ಪ್ರಾರ್ಥನೆ, ಬಿಡಲಾರೆವು ಎಂದು ವಿದ್ಯಾರ್ಥಿಗಳು ಅಂದರು. ಹಾಡಿದವರನ್ನು ವಸತಿಗೃಹದಿಂದ ಹೊರಗೆ ಹಾಕಿದರು. ಅವರ ಸಲುವಾಗಿ ತರಗತಿ ಬಿಟ್ಟವರನ್ನು ವಿಶ್ವವಿದ್ಯಾಲಯದಿಂದಲೇ ಹೊರಗೆ ಹಾಕಿದರು. ಈ ಕಿಚ್ಚು ಗುಲಬರ್ಗೆ, ಔರಂಗಾಬಾದು, ವರಂಗಲ್ಲು, ಮಹಬೂಬನಗರಗಳ ವಿದ್ಯಾಸಂಸ್ಥೆಗಳಿಗೂ ಹರಡಿ, ಒಟ್ಟಿಗೆ ನೂರಾರು ಮಂದಿ ತರುಣರು ಓದಿಗೆ ಎರವಾದರು.

ಇದರ ಅರ್ಥವೇನೆಂಬುದನ್ನು ತಂದೆತಾಯಿಗಳಾದ ತಾವೇ ಊಹಿಸಿರಿ. ಹೊಲ ಒತ್ತೆಯಿಟ್ಟು ಮಗನನ್ನು ಓದಲು ಕಳುಹಿಸಿದ ರೈತನಿಗೆ, ಪುಸ್ತಕದ ಗಂಟನ್ನು ಹೊತ್ತು ಮಗ ಮನೆಗೆ ಬಂದದ್ದು ಹೇಗೆ ಕಂಡಿರಬೇಕು! ಸಂಸ್ಥಾನದೊಳಗೆ ಬೇರೊಂದು ವಿಶ್ವವಿದ್ಯಾಲಯವಿರಲಿಲ್ಲ. ಅಂಥ ಸಮಯದಲ್ಲಿ ಸಂಸ್ಥಾನದ ಗಡಿಯಾಚೆಯ ನಾಗಪುರ ವಿಶ್ವವಿದ್ಯಾಲಯವು ಆ ಹುಡುಗರನ್ನು ಸೇರಿಸಿಕೊಂಡಿತು. ಅದರ ಕುಲಪತಿಗಳಾಗಿದ್ದ ಟಿ. ಜೆ. ಕೇದಾರರು ಈ ವಿಷಯದಲ್ಲಿ ತೋರಿದ ಔದಾರ್ಯವನ್ನು ಹೈದರಾಬಾದಿನ ಚರಿತ್ರೆ ಬರೆದವರು ಕೃತಜ್ಞತೆಯಿಂದ ಸ್ಮರಿಸುತ್ತಾರೆ. ಹಾಗೆ ನಾಗಪುರಕ್ಕೆ ಹೋದವರಲ್ಲಿ ವರಂಗಲ್ಲಿನ ಕಾಲೇಜಿನಲ್ಲಿದ್ದ ಪಿ. ವಿ. ನರಸಿಂಹರಾಯರೂ ಒಬ್ಬರು. ಅವರು 1991ರಲ್ಲಿ ಭಾರತದ ಪ್ರಧಾನಮಂತ್ರಿಗಳಾದರು. ಆದರೆ ಮುಂದೆ ದೊಡ್ಡವರಾಗುವರೆಂಬ ಕಾರಣಕ್ಕಾಗಿ ನಾಗಪುರವು ಯಾರನ್ನೂ ಸೇರಿಸಿಕೊಳ್ಳಲಿಲ್ಲ. ಹೆಸರಿಲ್ಲದ ನೂರಾರು ಮಂದಿಯೂ ಅದೇ ಬಾಗಿಲಿನಿಂದ ಒಳಗೆ ಹೋದರು; ಅದೇ ಅದರ ಹಿರಿಮೆ.

ಈ ಪ್ರಸಂಗವನ್ನು ಒಂದು ಹಾಡಿನ ಕಥೆಯೆಂದೂ, ಒಂದು ಮತದವರ ಮೇಲೆ ಇನ್ನೊಂದು ಮತದವರ ಗೆಲವಿನ ಕಥೆಯೆಂದೂ ಹೇಳುವವರುಂಟು. ನಾವು ಅದನ್ನು ಒಪ್ಪುವದಿಲ್ಲ. ಆ ಹಾಡನ್ನು ತಮ್ಮ ನಂಬಿಕೆಯ ಕಾರಣದಿಂದ ಹಾಡಲಾರದವರೂ ನಮ್ಮ ನಾಡಿನಲ್ಲಿದ್ದಾರೆ; ಅವರ ದೇಶಪ್ರೀತಿ ಕಡಿಮೆಯಲ್ಲ. 1938ರ ತಪ್ಪು ಇರುವದು ಹಾಡನ್ನು ಇಷ್ಟಪಡದ್ದರಲ್ಲಿ ಅಲ್ಲ; ಯಾರ ಮೇಲೂ ಕೈಯೆತ್ತದೆ ತಮ್ಮ ಕೋಣೆಯಲ್ಲಿ ಹಾಡಿದವರ ವಿದ್ಯೆಯನ್ನು ಕಸಿದುಕೊಂಡದ್ದರಲ್ಲಿ. ಇದಕ್ಕೆ ಸಾಕ್ಷಿಯಾಗಿ ಇನ್ನೊಂದು ಪ್ರಸಂಗವನ್ನು ಹೇಳುತ್ತೇವೆ. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಮೂವರು ಒಡಹುಟ್ಟಿದವರನ್ನು ಹೊರಗೆ ಹಾಕಿದರು. ಅವರು ರಾಷ್ಟ್ರಗೀತೆಯ ಹೊತ್ತಿಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಆದರೆ ತಮ್ಮ ಪಂಥದ ನಂಬಿಕೆಯಂತೆ ಬಾಯಿಬಿಟ್ಟು ಹಾಡುತ್ತಿರಲಿಲ್ಲ. 1986ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು, ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ಬರೆದ ತೀರ್ಪಿನಲ್ಲಿ, ಆ ಮಕ್ಕಳನ್ನು ತಿರುಗಿ ಸೇರಿಸಿಕೊಳ್ಳಬೇಕೆಂದು ಅಪ್ಪಣೆ ಮಾಡಿತು.

ಒಂದು ಕಡೆ ಹಾಡಿದ್ದಕ್ಕೆ ಹೊರಗೆ, ಇನ್ನೊಂದು ಕಡೆ ಹಾಡದೆ ಇದ್ದದ್ದಕ್ಕೆ ಹೊರಗೆ! ಹಾಡುವವನ ಹಕ್ಕನ್ನು ಎತ್ತಿಹಿಡಿದು ಸುಮ್ಮನಿರುವವನ ಹಕ್ಕನ್ನು ಮರೆತರೆ, ನಾವು ಎತ್ತಿಹಿಡಿದದ್ದು ಹಕ್ಕನ್ನಲ್ಲ, ನಮ್ಮ ಕಡೆಯವರನ್ನು ಮಾತ್ರ. ವಿದ್ಯಾರ್ಥಿಗಳ ಹಕ್ಕನ್ನು ಕುರಿತು ಮಾತನಾಡುವವರೆಲ್ಲರೂ ಈ ಎರಡು ಪ್ರಸಂಗಗಳನ್ನು ಜೊತೆಯಾಗಿಟ್ಟು ನೋಡಬೇಕೆಂದು ನಮ್ಮ ಅಭಿಪ್ರಾಯ.

ನಮ್ಮ ನಾಡಿನ ಮಟ್ಟಿಗೆ 1948 ಎರಡು ಕಾರಣಗಳಿಂದ ನೆನಪಿಡತಕ್ಕ ವರ್ಷ. ಆ ಸಪ್ಟೆಂಬರ್ 17ರಂದು ನಿಜಾಮರ ಆಳಿಕೆ ಮುಗಿದು ಸಗರನಾಡು ಸ್ವತಂತ್ರ ಭಾರತದೊಳಗೆ ಬಂತು. ಮೂರು ತಿಂಗಳು ತುಂಬುವ ಮೊದಲೇ, ದಶಂಬರ್ 10ರಂದು, ಪ್ಯಾರಿಸಿನಲ್ಲಿ ಕೂಡಿದ ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ವಿದ್ಯೆಯು ಪ್ರತಿಯೊಬ್ಬರ ಹಕ್ಕೆಂದು ಅದರ 26ನೆಯ ವಿಧಿಯು ಸಾರುತ್ತದೆ. ಆ ಘೋಷಣೆಯ ಮೊದಲನೆಯ ವಿಧಿಯ ಕರಡಿನಲ್ಲಿ ‘ಪುರುಷರೆಲ್ಲರೂ’ ಎಂಬರ್ಥದ ಶಬ್ದವಿತ್ತು. ಅದನ್ನು ‘ಮಾನವರೆಲ್ಲರೂ’ ಎಂದು ತಿದ್ದಿಸಿದವರು ಭಾರತದ ಪ್ರತಿನಿಧಿಯಾಗಿದ್ದ ಶ್ರೀಮತಿ ಹಂಸಾ ಮೆಹತಾ. ಅವರು ಮುಂದೆ ಬಡೋದೆಯ ವಿಶ್ವವಿದ್ಯಾಲಯದ ಕುಲಪತಿಗಳಾದರು. ಸಭೆಯಲ್ಲಿ ಎದ್ದು ನಿಂತು ಒಂದು ಶಬ್ದವನ್ನು ತಿದ್ದಿಸಲು ಆ ಮಹಿಳೆ ಹಿಂಜರಿದಿದ್ದರೆ ಹೇಗೆ? ನಮ್ಮ ಬಾಲಿಕೆಯರಿಗೆ ಎದ್ದು ನಿಂತು ಕೇಳುವ ರೂಢಿಯನ್ನು ಕಲಿಸದೆ ಅಂಥ ಸ್ತ್ರೀಯರು ಎಲ್ಲಿಂದ ಬಂದಾರು?

ವಿದ್ಯಾರ್ಥಿಗಳು ಓದಿಕೊಂಡಿರಲಿ, ಹಕ್ಕಿನ ಮಾತು ಹಿರಿಯರಿಗಿರಲಿ ಎಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ಅದರಲ್ಲಿ ಸತ್ಯಾಂಶವೂ ಇದೆ. ವಿಶ್ವವಿದ್ಯಾಲಯಗಳ ಚಳವಳಿಗಳಲ್ಲಿ ಕಲ್ಲು ತೂರಿದ್ದು, ಓದಬೇಕೆಂದವರನ್ನು ತಡೆದದ್ದು, ಹೊರಗಿನ ಪಕ್ಷದವರು ಮಕ್ಕಳ ಹೆಗಲ ಮೇಲೆ ಬಂದೂಕಿಟ್ಟದ್ದು ಎಲ್ಲವೂ ಉಂಟು. ಆದಕಾರಣ ಕೇಳುವವರಿಗೂ ಕೆಲವು ನಿಯಮಗಳು ಬೇಕು. ಮೊದಲು ಬರೆದು ಅರಿಕೆ ಮಾಡಬೇಕು. ಉತ್ತರಕ್ಕೆ ಸಮಯ ಕೊಡಬೇಕು. ಒಳಗೆ ಹೋಗಿ ಓದಬೇಕೆನ್ನುವ ಸಹಪಾಠಿಯ ದಾರಿಯನ್ನು ಕಟ್ಟಬಾರದು, ಅವಳಿಗೂ ಮನಸ್ಸಾಕ್ಷಿಯುಂಟು. ತರಗತಿ ಬಿಡುವದು ಕಡೆಯ ಉಪಾಯವಾಗಿರಬೇಕು, ಮೊದಲನೆಯದಲ್ಲ. ಆದರೆ ಹಿರಿಯರಿಗೂ ಒಂದು ನಿಯಮವಿದೆ. ನಾವು ಮುರಿದದ್ದು ಅದನ್ನೇ. ಪತ್ರವನ್ನು ಓದದೆ ಉತ್ತರ ಕೊಡಬಾರದು.

ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 52ರಷ್ಟು, ರಾಜ್ಯದಲ್ಲಿಯೇ ಕಡಿಮೆ. ಸ್ತ್ರೀಯರಲ್ಲಿ ನೂರಕ್ಕೆ 41ರಷ್ಟು ಮಾತ್ರ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಎಂಟನೆಯ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಗೆ ಹಾಕಬಾರದೆಂದು ವಿಧಿಸಿದೆ. ಒಂಬತ್ತನೆಯ ತರಗತಿಗೆ ಕಾಲಿಟ್ಟ ಹುಡುಗಿಗೆ ಆ ಆಶ್ರಯವಿಲ್ಲ. ಕೂಲಿಗೆ ಹೋಗುವ ವಯಸ್ಸೂ, ಮದುವೆಯ ಮಾತು ಹುಟ್ಟುವ ವಯಸ್ಸೂ ಅದೇ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವೂ, 2009ರಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ನಮ್ಮ ಸಮೀಪಕ್ಕೆ ಬಂದವು. 371ಜೆ ವಿಧಿಯಿಂದ ನಮ್ಮ ಮಕ್ಕಳಿಗೆ ಸ್ಥಾನಗಳೂ ದೊರೆತವು. ಆದರೆ ಒಂಬತ್ತನೆಯ ತರಗತಿಯಲ್ಲಿ ಹೆಸರು ಕಳೆದುಕೊಂಡ ಬಾಲಿಕೆಗೆ ಆ ದೊಡ್ಡ ಬಾಗಿಲುಗಳು ತೆರೆದಿದ್ದರೂ ಏನು ಪ್ರಯೋಜನ?

ಪತ್ರವನ್ನು ಓದಿದ ಮರುದಿನ ನಾವು ಆ ಒಂಬತ್ತು ಮಂದಿಯ ಮನೆಗಳಿಗೆ ಹೇಳಿಕಳುಹಿಸಿ ಕರೆಸಿಕೊಂಡೆವು. ಪ್ರಾರ್ಥನೆಯ ಸಭೆಯಲ್ಲಿ ಎಲ್ಲರ ಮುಂದೆ, ಓದದೆ ಶಿಕ್ಷಿಸಿದ್ದು ನಮ್ಮ ತಪ್ಪೆಂದು ಒಪ್ಪಿಕೊಂಡೆವು. ಇದರಿಂದ ಮುಖ್ಯೋಪಾಧ್ಯಾಯಿನಿಯ ಮಾನ ಹೋಯಿತೆಂದು ಕೆಲವರು ಹೇಳಿದರು. ಹೋಗಿದ್ದರೆ ಹೋಗಲಿ, ಅಂದಿನಿಂದ ತರಗತಿಯಲ್ಲಿ ಗದ್ದಲವೇನೂ ಹೆಚ್ಚಲಿಲ್ಲ. ಗೆಳತಿಯ ಹೆಸರನ್ನು ತಿರುಗಿ ಬರೆದೆವು. ತಪ್ಪಿದ ಪಾಠಗಳನ್ನು ಅದೇ ಒಂಬತ್ತು ಮಂದಿ ಸಂಜೆಯ ಹೊತ್ತು ಅವಳಿಗೆ ಹೇಳಿಕೊಟ್ಟರು. ಇಷ್ಟರಿಂದ ನಮ್ಮ ಮನಸ್ಸು ಹಗುರಾಗಿದೆಯೆಂದು ಮಾತ್ರ ತಾವು ತಿಳಿಯಬಾರದು. ಹಿಂದಿನ ವರುಷ ಇದೇ ಕಾರಣಕ್ಕಾಗಿ ನಾವು ಮತ್ತೊಬ್ಬಳ ಹೆಸರನ್ನು ತೆಗೆದಿದ್ದೆವು. ಅವಳ ಸಲುವಾಗಿ ಯಾರೂ ಮರದ ಕೆಳಗೆ ಕುಳಿತಿರಲಿಲ್ಲ, ಯಾರೂ ಪತ್ರ ಬರೆದಿರಲಿಲ್ಲ. ಅವಳ ಮನೆಯನ್ನು ಹುಡುಕಿಕೊಂಡು ಹೋದಾಗ ಅವಳ ಮದುವೆಯಾಗಿ ನಾಲ್ಕು ತಿಂಗಳಾಗಿತ್ತು.

ಆದುದರಿಂದ ಈಗ ನಮ್ಮ ಶಾಲೆಯಲ್ಲಿ ಒಂದು ಕಟ್ಟಳೆ ಮಾಡಿದ್ದೇವೆ. ಯಾವ ಬಾಲಿಕೆಯ ಹೆಸರನ್ನೂ ಅವಳ ಮಾತನ್ನೂ ಅವಳ ಮನೆಯವರ ಮಾತನ್ನೂ ಕೇಳದೆ ತೆಗೆಯತಕ್ಕದ್ದಲ್ಲ. ಅರಿಕೆಗಳಿಗಾಗಿ ಒಂದು ಪುಸ್ತಕವನ್ನು ಇಟ್ಟಿದ್ದೇವೆ. ಪ್ರತಿಯೊಂದು ಅರಿಕೆಯ ಎದುರಿಗೆ ಉತ್ತರವನ್ನೂ ತಾರೀಖನ್ನೂ ಬರೆಯುತ್ತೇವೆ. ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬಿನ್ನಹವೇನೆಂದರೆ, ತಮ್ಮ ತಮ್ಮ ಊರಿನಲ್ಲಿ ಶಾಲೆ ಬಿಟ್ಟ ಹುಡುಗಿ ಕಂಡರೆ ಎರಡು ಸಾಲು ನಮಗೆ ಬರೆಯಬೇಕು. ಪೋಷಕರಲ್ಲಿ ಬಿನ್ನಹವೇನೆಂದರೆ, ಕೂಲಿಗೆ ಊರು ಬಿಡುವ ಮುಂಚೆ ಮಗಳನ್ನು ಎಲ್ಲಿ ಇರಿಸಬಹುದೆಂದು ನಮ್ಮನ್ನು ಒಂದು ಮಾತು ಕೇಳಬೇಕು. ಮಗಳು ಮನೆಯಲ್ಲಿ ‘ಯಾಕೆ’ ಎಂದು ಕೇಳಿದರೆ ಶಾಲೆ ಕೆಡಿಸಿತೆಂದು ನಮ್ಮ ಮೇಲೆ ಮುನಿಯಬಾರದು.

ಉಸ್ಮಾನಿಯಾದ ಆ ಅಧಿಕಾರಿಗಳೂ ದುಷ್ಟರಾಗಿರಲಿಕ್ಕಿಲ್ಲ. ಶಿಸ್ತನ್ನು ಕಾಪಾಡುತ್ತೇವೆಂದು ನಮ್ಮ ಹಾಗೆಯೇ ಅವರೂ ತಿಳಿದಿದ್ದಾರು. ಶಾಲೆಯನ್ನು ನಡೆಸುವವರ ಮುಂದೆ ಆ ಎರಡು ದಾರಿಗಳೂ ದಿನಾಲು ಇರುತ್ತವೆ: ಹೈದರಾಬಾದಿನಂತೆ ಬಾಗಿಲು ಮುಚ್ಚುವದು, ನಾಗಪುರದಂತೆ ತೆರೆಯುವದು. ಒಂದು ದಿನ ನಾವು ಮೊದಲನೆಯದನ್ನು ಹಿಡಿದೆವು. ಒಂಬತ್ತು ಮಂದಿ ಹುಡುಗಿಯರು ನಮ್ಮನ್ನು ಎರಡನೆಯದಕ್ಕೆ ತಿರುಗಿಸಿದರು. ಅವರಿಗೆ ನಾವು ಋಣಿಗಳಾಗಿದ್ದೇವೆಂಬುದನ್ನು ಈ ಸಂಚಿಕೆಯಲ್ಲಿ ಬರೆದಿಡುವದು ನಮಗೆ ಅವಶ್ಯವೆನ್ನಿಸಿತು.