ಹಳ್ಳಿ ಹಾಡು ಬೇಕಾ? ಲೊರೆಟ್ಟಾನ ಕೇಳಿ

ಟೀಮ್ ಔಟಿಂಗ್ ಅಂದ್ರೆ ಗೊತ್ತಲ್ಲ. ಸಕಲೇಶಪುರದ ಹತ್ರ ಯಾವುದೋ ರೆಸಾರ್ಟು, ಬೆಂಕಿ ಸುತ್ತ ಪ್ಲಾಸ್ಟಿಕ್ ಕುರ್ಚಿ. ಎರಡನೇ ರೌಂಡ್ ಮುಗಿಯೋ ಹೊತ್ತಿಗೆ ಒಬ್ಬ ಗಿಟಾರ್ ತೆಗೀತಾನೆ. ಹಾಡು ಯಾವುದು ಅಂತ ಈಗಲೇ ಹೇಳ್ತೀನಿ: 'ಕಂಟ್ರಿ ರೋಡ್ಸ್'. ಎಲ್ಲರ ಕಣ್ಣೂ ತೇವ. ಹುಟ್ಟಿ ಬೆಳೆದದ್ದೆಲ್ಲ ಜಯನಗರ ಆದವನೂ 'ಊರಿಗೆ ಹೋಗ್ಬೇಕು ಅನ್ನಿಸ್ತಿದೆ ಮಗಾ' ಅಂತ ನನ್ನ ಹೆಗಲ ಮೇಲೆ ಕೈ ಹಾಕ್ತಾನೆ.

ಹಾಡಿನ ಮೇಲೆ ನನಗೆ ಸಿಟ್ಟಿಲ್ಲ, ರಾಗ ಚೆನ್ನಾಗೇ ಇದೆ. ಆದರೆ 1971ರ ಆ ಹಾಡು ಹುಟ್ಟಿದ್ದು ಮೇರಿಲ್ಯಾಂಡಿನ ಒಂದು ರಸ್ತೆಯಲ್ಲಿ. ಅದನ್ನು ಬರೆಯೋಕೆ ಶುರು ಮಾಡಿದ ಬಿಲ್ ಡ್ಯಾನಫ್ ಅಷ್ಟು ಹೊತ್ತಿಗೆ ವೆಸ್ಟ್ ವರ್ಜೀನಿಯಾಗೆ ಕಾಲಿಟ್ಟವನೇ ಅಲ್ಲ. ಹಾಡಿದ ಜಾನ್ ಡೆನ್ವರ್ ಹುಟ್ಟಿದ್ದು ನ್ಯೂ ಮೆಕ್ಸಿಕೊದಲ್ಲಿ. ದೂರದ ಬೆಟ್ಟ ನುಣ್ಣಗೇ ಕಾಣುತ್ತೆ ಸ್ವಾಮಿ.

ಆ ಬೆಟ್ಟಸಾಲಿನ ಒಳಗಿಂದಲೇ ಎದ್ದು ಬಂದವಳು ಲೊರೆಟ್ಟಾ ಲಿನ್. ಪಕ್ಕದ ಕೆಂಟಕಿ ರಾಜ್ಯದ ಬುಚರ್ ಹಾಲೊ ಅನ್ನೋ ಕುಗ್ರಾಮದಲ್ಲಿ, 1932ರಲ್ಲಿ ಹುಟ್ಟಿದಳು. ಅಪ್ಪ ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಿದ್ದ. ಎಂಟು ಮಕ್ಕಳಲ್ಲಿ ಇವಳು ಎರಡನೆಯವಳು. 15ಕ್ಕೆ ಮದುವೆ, 20 ತುಂಬೋ ಹೊತ್ತಿಗೆ ನಾಲ್ಕು ಮಕ್ಕಳು. ಗಂಡ ತಂದುಕೊಟ್ಟ 17 ಡಾಲರ್ ಗಿಟಾರಿನಲ್ಲಿ ತಾನೇ ಕಲಿತಳು. 1960ರಲ್ಲಿ ಮೊದಲ ರೆಕಾರ್ಡ್ ಬಂದಾಗ ಗಂಡ ಹೆಂಡತಿ ಕಾರಲ್ಲಿ ಊರೂರು ಸುತ್ತಿ ರೇಡಿಯೊ ಸ್ಟೇಷನ್‌ಗಳ ಬಾಗಿಲು ತಟ್ಟಿದರು. ಅದೇ ಗಂಡ ಕುಡುಕನೂ ಹೌದು. 'ಕುಡಿದು ಮನೆಗೆ ಬರಬೇಡ' ಅನ್ನೋ ಅರ್ಥದ ಹಾಡನ್ನು ತಂಗಿ ಜೊತೆ ಸೇರಿ ಬರೆದಳು ನೋಡಿ, ಅದೇ ಅವಳ ಮೊದಲ ನಂಬರ್ ಒನ್ ಆಯ್ತು.

ಇನ್ನು 'ದಿ ಪಿಲ್'. ಬಸಿರು ಬಾಣಂತನದಲ್ಲೇ ಸವೆದ ಹೆಂಗಸೊಬ್ಬಳು, ಗರ್ಭನಿರೋಧಕ ಮಾತ್ರೆ ಸಿಕ್ಕಿದೆ, ಇನ್ನು ಆ ಲೆಕ್ಕ ನನ್ನದು ಅಂತ ಗಂಡನಿಗೆ ಖುಷಿಯಾಗಿ ಹೇಳೋ ಹಾಡು. 1972ರಲ್ಲಿ ರೆಕಾರ್ಡ್ ಆಗಿದ್ದು ಹೊರಗೆ ಬಂದದ್ದು 1975ರಲ್ಲಿ. ಎಷ್ಟೋ ಕಂಟ್ರಿ ಸ್ಟೇಷನ್‌ಗಳು ಹಾಕೋದೇ ಇಲ್ಲ ಅಂದವು. ಆದರೂ ಕಂಟ್ರಿ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಹೋಯ್ತು. ಡೈವೋರ್ಸ್ ಆದ ಹೆಂಗಸನ್ನು ಊರು ಹೇಗೆ ನೋಡುತ್ತೆ ಅಂತ 'ರೇಟೆಡ್ ಎಕ್ಸ್' ಬೇರೆ ಬರೆದಿದ್ದಳು. ಹಾಗಂತ ಈಕೆ ಮಹಿಳಾ ವಿಮೋಚನೆಯ ಬಾವುಟ ಹಿಡಿದವಳೇನಲ್ಲ. ಪಕ್ಕದ ಮನೆ ಅಕ್ಕ ಬಟ್ಟೆ ಒಗೀತಾ ಮಾತಾಡಿದ ಹಾಗೆ ಹಾಡಿದಳು, ಅಷ್ಟೆ.

'1970ರ ಕೋಲ್ ಮೈನರ್ಸ್ ಡಾಟರ್ ಕೂಡ ಊರಿನ ಹಳಹಳಿಕೆನೇ ಅಲ್ವಾ?' ಅಂತ ಕೇಳಬಹುದು. ಹೌದು, ಹೆಮ್ಮೆ ಇದೆ ಅದರಲ್ಲಿ. ಆದರೆ ಬಟ್ಟೆ ಉಜ್ಜಿ ಉಜ್ಜಿ ಅವ್ವನ ಬೆರಳಲ್ಲಿ ಬಂದ ರಕ್ತವೂ ಇದೆ. ಅದನ್ನು ಬಿಟ್ಟು ಹೆಮ್ಮೆ ಪಡಲಿಲ್ಲ ಅವಳು.

ಬಿಟ್ಟವನು ನಾನು. ಅಜ್ಜಿಯ ಹುರುಳಿಕಾಳು ಬಸ್ಸಾರಿನ ಮೇಲೆ ಒಂದೂವರೆ ಪುಟ ಬರೆದಿದ್ದೆ, ಕೊರೆದು ಕೊರೆದು. ಅವಳು ಒಂಬತ್ತು ಹೆತ್ತು ಐದು ಉಳಿಸಿಕೊಂಡಿದ್ದು ಅದರಲ್ಲಿ ಒಂದು ಸಾಲೂ ಇಲ್ಲ. ಹೆತ್ತ ಹನ್ನೊಂದನೇ ದಿನಕ್ಕೇ ರಾಗಿ ಕೊಯ್ಯೋಕೆ ಹೋಗಿದ್ದಳು ಅಂತ ಅಮ್ಮ ಹೇಳಿದ್ದು ಬರೆಯುವಾಗ ಚೆನ್ನಾಗೇ ನೆನಪಿತ್ತು. ಊರು ಚಂದ ಕಾಣಲಿ ಅಂತ ನುಂಗಿಕೊಂಡೆ. ಜಯನಗರದ ಹುಡುಗನಿಗಾದರೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಕೇಳೋಕೆ ಶುರು ಮಾಡೋರು 2004ರ 'ವ್ಯಾನ್ ಲಿಯರ್ ರೋಸ್' ಆಲ್ಬಮ್ ತಗೊಳ್ಳಿ. 72ರ ಲೊರೆಟ್ಟಾ, ಜೊತೆಗೆ ರಾಕ್ ಗಿಟಾರಿಸ್ಟ್ ಜ್ಯಾಕ್ ವೈಟ್. ಎರಡು ಗ್ರ್ಯಾಮಿ ಬಂತು. ಗಿಟಾರ್ ಸದ್ದು ನಿಮ್ಮ ಕಿವಿಗೆ ಹತ್ತಿರದ್ದೇ. ಆಮೇಲೆ ಹಿಂದಕ್ಕೆ ಹೋಗಿ.

ಹೋದ ಸಲದ ಔಟಿಂಗಲ್ಲಿ 'ನೀನೇ ಹಳ್ಳಿಯವನು, ಒಂದು ಹಾಡು ಹಾಕೋ' ಅಂದರು. ಫೋನಲ್ಲಿ 'ದಿ ಪಿಲ್' ಹಾಕಿದೆ. ಅರ್ಧಕ್ಕೇ ಒಬ್ಬ ಕೈ ಎತ್ತಿದ. 'ಗುರೂ, ಮೂಡ್ ಹಾಳ್ ಮಾಡ್ಬೇಡ. ಯಾವ್ದಾದ್ರೂ ಹಳ್ಳಿ ಹಾಡು ಹಾಕು.'